ದೋಣಿ ಮಾತು: ಮನೆಮಂದಿಗೆಲ್ಲ ಒಂದು ವೇಗದ ಬೋಟು

(ಮಲ್ಪೆ ಮೂಲದ ಅಂಕಣಗಾರ್ತಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬೋಟ್ ಎಂಜಿನ್ ತಂತ್ರಜ್ಞೆ. ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಅಕ್ಕಾ, ಈ ಬೇಸಿಗೆಗೆ ಬೋಟು ಕೊಳ್ಳಬೇಕೆಂದು ಎರಡನ್ನು ನೋಡಿಟ್ಟಿದ್ದೇವೆ. ಒಂದು ಆರು ಮೀಟರಿನ ಬೋರೈಡರ್. ಹಗುರ, ಮೂತಿಯಲ್ಲೂ ಸೀಟು, 150 ಅಶ್ವಶಕ್ತಿ, 40 ನಾಟ್ ಓಡುತ್ತದಂತೆ. ಇನ್ನೊಂದು ಆರೂವರೆ ಮೀಟರಿನ ಡೇ ಕ್ರೂಸರ್, ಮುಂದೆ ಪುಟ್ಟ ಗೂಡಿರುವಂಥದ್ದು. ಎಂಜಿನ್ ಅಷ್ಟೇ ದೊಡ್ಡದು, ಭಾರ ಜಾಸ್ತಿ, 34 ನಾಟ್ ಅಂತಾರೆ. ಯಜಮಾನರಿಗೆ ಮೊದಲನೆಯದರ ಮೇಲೆ ಮನಸ್ಸು. ಮಕ್ಕಳಿಗೆ ಆರು ಮತ್ತು ಹತ್ತು ವರ್ಷ. ಜುಲೈನಲ್ಲಿ ಶಿವಮೊಗ್ಗದಿಂದ ಅತ್ತೆ-ಮಾವನೂ ಬರುತ್ತಾರೆ. ಯಾವುದನ್ನು ತೆಗೆದುಕೊಳ್ಳೋಣ?
– ಓದುಗಿ, ಗೋಥೆನ್‌ಬರ್ಗ್

40 ನಾಟ್ ಎಂದರೆ ಗಂಟೆಗೆ 74 ಕಿಲೋಮೀಟರ್. ಕನ್ನಡಿಯಂಥ ನೀರು, ಬೋಟಿನಲ್ಲಿ ಒಬ್ಬರೋ ಇಬ್ಬರೋ, ಅರ್ಧ ಟ್ಯಾಂಕ್ ಪೆಟ್ರೋಲ್ ಇದ್ದಾಗ ಬರುವ ಅಂಕಿ ಅದು. ನಮ್ಮ ಈ ಪಶ್ಚಿಮ ಕರಾವಳಿಯಲ್ಲಿ ಬಿಸಿಲೇರಿದ ದಿನ ಮಧ್ಯಾಹ್ನದ ಹೊತ್ತಿಗೆ ನೈಋತ್ಯದ ಗಾಳಿ ಏಳುತ್ತದೆ. ಅಲೆ ಎತ್ತರವೇನೂ ಇರುವುದಿಲ್ಲ, ಅರ್ಧ ಮೀಟರ್ ಅಷ್ಟೆ. ಆದರೆ ಗಿಡ್ಡ ಅಲೆ, ಒಂದಕ್ಕೊಂದು ಒತ್ತಿಕೊಂಡು ಬರುತ್ತದೆ. ಅದರಲ್ಲಿ ಹಗುರ ಬೋಟನ್ನು 20 ನಾಟ್ ಓಡಿಸಿದರೂ ಮೂತಿಯಲ್ಲಿ ಕೂತವರ ಬೆನ್ನುಮೂಳೆ ಲೆಕ್ಕ ಹಾಕತೊಡಗುತ್ತದೆ. ಆದ್ದರಿಂದ ನೀವು ಮಾರುವವರನ್ನು ಕೇಳಬೇಕಾದ ಪ್ರಶ್ನೆ ಬೇರೆ: ಅರ್ಧ ಮೀಟರ್ ಅಲೆಯಲ್ಲಿ, ಆರು ಜನ ಕೂತಿರುವಾಗ, ಯಾರಿಗೂ ಪೆಟ್ಟಾಗದ ಹಾಗೆ ಎಷ್ಟು ವೇಗದಲ್ಲಿ ಹೋಗಬಹುದು? ಯಾವ ಕ್ಯಾಟಲಾಗೂ ಇದನ್ನು ಅಚ್ಚು ಹಾಕುವುದಿಲ್ಲ. ಮನೆಮಂದಿಯ ಬೋಟಿಗೆ ಮುಖ್ಯವಾದ ವೇಗ ಮಾತ್ರ ಇದೊಂದೇ.

ಇದನ್ನು ತೀರ್ಮಾನಿಸುವುದು ಬೋಟಿನ ತಳ. ಆರು ಮೀಟರಿನ ಯಾವುದೇ ದೋಣಿ ನೀರನ್ನು ಸರಿಸಿಕೊಂಡು ಹೋಗುವಾಗ ಸುಮಾರು ಆರು ನಾಟ್ ದಾಟಲು ಕಷ್ಟಪಡುತ್ತದೆ, ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತದೆ. ಎಂಜಿನ್‌ಗೆ ಶಕ್ತಿಯಿದ್ದರೆ ಬೋಟು ಆ ಅಲೆಯನ್ನು ಹತ್ತಿ ದಾಟಿ ನೀರಿನ ಮೇಲೆ ಜಾರತೊಡಗುತ್ತದೆ. ಇದಕ್ಕೆ ಪ್ಲೇನಿಂಗ್ ಅನ್ನುತ್ತಾರೆ. ಜಾರುವುದಕ್ಕೆ ಚಪ್ಪಟೆ ತಳವೇ ಸುಲಭ, ಕಡಿಮೆ ಶಕ್ತಿ ಸಾಕು. ಆದರೆ ಅದೇ ಚಪ್ಪಟೆ ತಳ ಅಲೆಯ ಮೇಲಿಂದ ಬಿದ್ದಾಗ ಏನಾಗುತ್ತದೆ ಎಂದು ತಿಳಿಯಲು ಬಕೆಟ್ ನೀರಿಗೆ ಅಂಗೈ ಅಗಲಿಸಿ ಒಮ್ಮೆ ಬಡಿಯಿರಿ, ಆಮೇಲೆ ಕಿರುಬೆರಳಿನ ಕಡೆಯಿಂದ ಕೈಯನ್ನು ಇಳಿಸಿ ನೋಡಿ. ತಳದ ಎರಡು ಬದಿಗಳು ನಡುಗೆರೆಯಿಂದ ಎಷ್ಟು ಓರೆಯಾಗಿ ಮೇಲೇರುತ್ತವೆ ಎಂಬ ಕೋನಕ್ಕೆ ಡೆಡ್‌ರೈಸ್ ಎಂದು ಹೆಸರು, ಇದನ್ನು ಹಿಂತುದಿಯಲ್ಲಿ ಅಳೆಯುತ್ತಾರೆ. 12ರಿಂದ 16 ಡಿಗ್ರಿ ಇದ್ದರೆ ಕೆರೆಗೆ ಚೆಂದ. 20ರ ಆಸುಪಾಸಿದ್ದರೆ ಸಮುದ್ರಕ್ಕೆ ಮೃದು.

ಈ ಮೃದುತನವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಓಟದ ದೋಣಿಯೇ. ಅಮೆರಿಕದ ವಿನ್ಯಾಸಕಾರ ರೇ ಹಂಟ್ ಮೂತಿಯಿಂದ ಹಿಂತುದಿಯವರೆಗೂ ಕಡಿದಾದ ವಿ ಆಕಾರವನ್ನೇ ಉಳಿಸಿಕೊಂಡು ತಳ ಬರೆದರು. ಡಿಕ್ ಬರ್ಟ್ರಾಮ್ ಆ ವಿನ್ಯಾಸದಲ್ಲಿ 'ಮಾಪಿ' ಎಂಬ 31 ಅಡಿಯ ಮರದ ಬೋಟು ಕಟ್ಟಿಸಿದರು. 1960ರ ಮಿಯಾಮಿ–ನಸ್ಸಾವ್ ಓಟದ ದಿನ ಸಮುದ್ರ ಕೆಟ್ಟಿತ್ತು. ಉಳಿದವರು ವೇಗ ಇಳಿಸಬೇಕಾದ ಅಲೆಯಲ್ಲಿ ಮಾಪಿ ಓಡಿ ಗೆದ್ದಿತು. ಮರುವರ್ಷವೇ ಅದರ ಅಚ್ಚಿನಿಂದ ಫೈಬರ್‌ಗ್ಲಾಸಿನ ಬರ್ಟ್ರಾಮ್ 31 ಬಂತು, ಮೀನು ಹಿಡಿಯುವವರೂ ಸಂಸಾರವಂದಿಗರೂ ಅದನ್ನು ಕೊಂಡರು. ಇದನ್ನು ನಿಮ್ಮ ಯಜಮಾನರಿಗೆ ಖಂಡಿತ ಹೇಳಿ. 'ಸ್ಪೋರ್ಟಿ' ಬೋಟು ಬೇಕೆನ್ನುವ ಅವರ ಆಸೆಯಲ್ಲಿ ತಪ್ಪೇನಿಲ್ಲ. ಓಟಕ್ಕೆಂದೇ ಹುಟ್ಟಿದ ತಳವೇ ಅಜ್ಜಿಯ ಬೆನ್ನಿಗೂ ಹಿತವಾದದ್ದು.

ಕಡಿದಾದ ತಳಕ್ಕೂ ಬೆಲೆ ತೆರಬೇಕು. ಅದು ಹೆಚ್ಚು ಶಕ್ತಿ ಕೇಳುತ್ತದೆ. ಲಂಗರು ಹಾಕಿ ನಿಂತಾಗ ಅತ್ತಿಂದಿತ್ತ ವಾಲುತ್ತದೆ, ಒಂದೇ ಬದಿಯಲ್ಲಿ ಮೂವರು ನಿಂತರೆ ಬುತ್ತಿ ಡಬ್ಬಿ ಜಾರುತ್ತದೆ. ಅದಕ್ಕೇ 18ರಿಂದ 20 ಡಿಗ್ರಿಯ ನಡುವಿನ, ತಳವೂ ಬದಿಯೂ ಕೂಡುವ ಅಂಚಿನುದ್ದಕ್ಕೂ ಅಗಲವಾದ ಮೆಟ್ಟಿಲಿರುವ ತಳ ನಿಮಗೆ ಸರಿ. ಮೆಟ್ಟಿಲು ನಿಂತಾಗ ಆಸರೆ ಕೊಡುತ್ತದೆ, ಓಡುವಾಗ ಹನಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಭಾರದ ಬಗ್ಗೆಯೂ ಒಂದು ಮಾತು. ಗಿಡ್ಡ ಅಲೆಯಲ್ಲಿ ಭಾರ ಗೆಳೆಯ, ಹಗುರ ಬೋಟು ಪ್ರತಿ ಅಲೆಗೂ ಎಗರುತ್ತದೆ. ನಿಮ್ಮ ಡೇ ಕ್ರೂಸರ್ ಕಳೆದುಕೊಂಡ ಆರು ನಾಟ್ ಸುಮ್ಮನೆ ಹೋಗಿಲ್ಲ.

ಇನ್ನು ಕೂರುವ ಜಾಗ. ಬೋರೈಡರಿನ ಮೂತಿ ಸೀಟು ನಿಂತ ನೀರಿನಲ್ಲಿ ಮಕ್ಕಳಿಗೆ ಸ್ವರ್ಗ, ಒಪ್ಪುತ್ತೇನೆ. ಆದರೆ ಓಡುವಾಗ ಬೋಟು ಅತಿ ಹೆಚ್ಚು ಕುಣಿಯುವುದು ಅಲ್ಲೇ. ಅಲ್ಲಿಂದ ಮಗು ಮುಂದಕ್ಕೆ ಬಿದ್ದರೆ ಬೋಟು ಮೇಲೆ ಹಾಯುತ್ತದೆ, ಹಿಂದೆ ಎಂಜಿನ್ನಿನ ಫ್ಯಾನ್ (ಪ್ರೊಪೆಲ್ಲರ್) ಬರುತ್ತದೆ. ವೇಗದಲ್ಲಿರುವಾಗ ಮಕ್ಕಳು ಅಲ್ಲಿ ಕೂರಬಾರದು ಎಂಬುದು ನನ್ನ ಕಡೆಯಿಂದ ಕಟ್ಟಪ್ಪಣೆ. ಅಂದಮೇಲೆ ಆ ಬೋಟಿನ ಅರ್ಧ ಸೀಟುಗಳು ಓಡುವಾಗ ನಿಮಗಿಲ್ಲ. ಡೇ ಕ್ರೂಸರಿನಲ್ಲಿ ಎಲ್ಲರೂ ನಡುವಿನಿಂದ ಹಿಂದಕ್ಕೆ, ಗಾಜಿನ ಮರೆಯಲ್ಲಿ ಕೂರುತ್ತಾರೆ.

ಚುಕ್ಕಾಣಿಯ ಬಳಿ ಅಂಟಿಸಿರುವ ಸಿಇ ಫಲಕವನ್ನೂ, ಅಂದರೆ ಯುರೋಪಿನ ಸುರಕ್ಷತಾ ನಿಯಮದ ಗುರುತನ್ನೂ ಓದಿ. 'ಸಿ' ವರ್ಗವೆಂದರೆ ಗಾಳಿಯ ಜೋರು ಅಳೆಯುವ ಬ್ಯೂಫೋರ್ಟ್ ಮಾನದಲ್ಲಿ 6ರ ಗಾಳಿ, ಎರಡು ಮೀಟರ್ ಅಲೆಯವರೆಗೆ ಲೆಕ್ಕ ಹಾಕಿ ಕಟ್ಟಿದ ಬೋಟು. 'ಡಿ' ಎಂದರೆ ಒಳನೀರು, ಸಣ್ಣ ಅಲೆ ಮಾತ್ರ. ಕೆಲವು ಬೋಟುಗಳಿಗೆ ಎರಡೂ ವರ್ಗ ಕೊಟ್ಟು, 'ಡಿ'ಯಲ್ಲಿ ಹೆಚ್ಚು ಜನ, 'ಸಿ'ಯಲ್ಲಿ ಕಡಿಮೆ ಜನ ಎಂದು ಬರೆದಿರುತ್ತಾರೆ. ನಿಮ್ಮ ಮನೆಯ ಆರು ಜನ 'ಸಿ' ಸಾಲಿನಲ್ಲಿ ಹಿಡಿಯಬೇಕು.

ಪರೀಕ್ಷೆಗೆ ಗಾಳಿಯಿರುವ ಮಧ್ಯಾಹ್ನವನ್ನೇ ಕೇಳಿ ಪಡೆಯಿರಿ, ಬೆಳಗಿನ ನಿಂತ ನೀರಿನಲ್ಲಿ ಎಲ್ಲ ಬೋಟೂ ಒಳ್ಳೆಯದೇ. ಯಜಮಾನರು ಓಡಿಸಲಿ, ನೀವು ಎಲ್ಲಕ್ಕಿಂತ ಕೆಟ್ಟ ಸೀಟಿನಲ್ಲಿ ಕೂರಿ. ಆಮೇಲೆ ಜಾಗ ಬದಲಿಸಿ. ಹಿಂದಿನ ಸೀಟಿಗೆ ನೀರು ಸಿಡಿಯುತ್ತದೆಯೇ, ಕಾಲು ನೆಲ ಮುಟ್ಟುತ್ತದೆಯೇ, ಅತ್ತೆಯ ಕೈಗೆಟಕುವ ಹಿಡಿಕೆ ಇದೆಯೇ, 22 ನಾಟ್‌ನಲ್ಲಿ ಕೂಗದೆ ಮಾತಾಡಬಹುದೇ, ಇವನ್ನೆಲ್ಲ ನೋಡಿ. ಬೋಟು ಪ್ಲೇನಿಂಗ್‌ಗೆ ಏರುವಾಗ ಚಾಲಕನ ಮುಂದೆ ಮೂತಿ ಎದ್ದು ಎಷ್ಟು ಹೊತ್ತು ದಾರಿ ಮುಚ್ಚುತ್ತದೆ ಎಂಬುದನ್ನು ಮರೆಯಬೇಡಿ. ಈಜುವವರ ನಡುವೆ, ಸಣ್ಣ ದೋಣಿಗಳ ನಡುವೆ ಆ ಕ್ಷಣಗಳು ಕುರುಡು.

ನಾನಾಗಿದ್ದರೆ ಡೇ ಕ್ರೂಸರ್.

ಪ್ರಶ್ನೆ: ನಮ್ಮ ಬೋಟು 25 ನಾಟ್ ದಾಟುತ್ತಿದ್ದಂತೆ ಮೂತಿ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ನಿಂತ ನೀರಲ್ಲೂ ಹೀಗೇ. ಹಿಂದೆ ಕೂತ ಮಗಳಿಗೆ ವಾಂತಿ. ತಳದಲ್ಲಿ ದೋಷವಿದೆಯೇ?
– ಓದುಗರು, ಸ್ಟಾಕ್‌ಹೋಮ್

ಬಹುಮಟ್ಟಿಗೆ ಟ್ರಿಮ್‌ನ ದೋಷ. ಗೇರ್ ಹಿಡಿಕೆಯ ಮೇಲೆ ಹೆಬ್ಬೆರಳಿಗೆ ಸಿಗುವ ಗುಂಡಿ ಎಂಜಿನ್ನಿನ ಕಾಲನ್ನು, ಅಂದರೆ ನೀರಿಗಿಳಿದು ಪ್ರೊಪೆಲ್ಲರ್ ಹೊತ್ತಿರುವ ಭಾಗವನ್ನು, ಒಳಕ್ಕೂ ಹೊರಕ್ಕೂ ವಾಲಿಸುತ್ತದೆ. ಹೊರಡುವಾಗ ಪೂರ್ತಿ ಒಳಗಿರಲಿ, ಆಗ ಮೂತಿ ಕೆಳಗಿದ್ದು ಬೋಟು ಬೇಗ ಪ್ಲೇನಿಂಗ್‌ಗೆ ಏರುತ್ತದೆ. ಏರಿದ ಮೇಲೆ ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ. ಸ್ಟಿಯರಿಂಗ್ ಹಗುರವಾಗುತ್ತದೆ, ಅದೇ ಆರ್‌ಪಿಎಂನಲ್ಲಿ ವೇಗ ಒಂದೆರಡು ನಾಟ್ ಹೆಚ್ಚುತ್ತದೆ. ಅದಕ್ಕಿಂತಲೂ ಹೊರಗೆ ತಂದರೆ ನೀವು ಹೇಳಿದ ಏಳುಬೀಳು ಶುರು. ಅದು ಕಂಡ ಕೂಡಲೇ ಗುಂಡಿಯನ್ನು ಒಳಗಡೆಗೆ ಒತ್ತಿ, ನಿಲ್ಲುತ್ತದೆ. ಕಿವಿ ಮತ್ತು ಸೊಂಟ ಕಲಿಯಬೇಕಾದ ವಿದ್ಯೆ ಇದು. ಎದುರಲೆಗೆ ಹೋಗುವಾಗ ಮೂತಿ ತಗ್ಗಿಸಿ ವಿ ಆಕಾರದ ಚೂಪು ಭಾಗದಿಂದ ಅಲೆ ಸೀಳಬೇಕು, ಬೆನ್ನಲೆ ಬಂದಾಗ ಮೂತಿ ಎತ್ತಿಕೊಳ್ಳಬೇಕು. ಬೆನ್ನಲೆಯಲ್ಲಿ ಮೂತಿ ತಗ್ಗಿದ್ದರೆ ಅದು ಮುಂದಿನ ಅಲೆಗೆ ಚುಚ್ಚಿಕೊಂಡು ಬೋಟು ಪಕ್ಕಕ್ಕೆ ತಿರುಗಿಬಿಡುವ ಅಪಾಯವಿದೆ.

ಪೂರ್ತಿ ಒಳಗಿದ್ದರೂ ಏಳುಬೀಳು ನಿಲ್ಲದಿದ್ದರೆ ಹಿಂದಿನ ಭಾರ ನೋಡಿ. ಹೆಚ್ಚುವರಿ ಪೆಟ್ರೋಲ್ ಕ್ಯಾನು, ಲಂಗರು, ಐಸ್ ಪೆಟ್ಟಿಗೆ ಎಲ್ಲ ಹಿಂದೆಯೇ ತುಂಬಿದ್ದರೆ ಅರ್ಧವನ್ನು ಮೂತಿಯ ಕೆಳಗಿನ ಅಂಕಣಕ್ಕೆ ಸರಿಸಿ. ಹಿಂತುದಿಗೆ ಟ್ರಿಮ್ ಟ್ಯಾಬ್ ಎಂಬ ಜೋಡಿ ತಗಡು ಹಾಕಿಸುವುದು ಮುಂದಿನ ಹೆಜ್ಜೆ. ಒಂದೇ ಬದಿಗೆ ದಪ್ಪ ಮಾವ ಕೂತಾಗಲೂ, ಪಕ್ಕಗಾಳಿಗೆ ಬೋಟು ವಾಲಿದಾಗಲೂ ಅದರಿಂದ ಬೋಟನ್ನು ನೆಟ್ಟಗೆ ಮಾಡಿಕೊಳ್ಳಬಹುದು. ಆರು ಮೀಟರ್ ದಾಟಿದ ಕುಟುಂಬದ ಬೋಟಿಗೆ ನಾನು ಮೊದಲು ಸೂಚಿಸುವ ಖರ್ಚು ಅದೇ, ಸ್ಪೀಕರ್‌ಗಳಿಗಿಂತ ಬಹಳ ಮೊದಲು.

ಮಗಳನ್ನು ಚಾಲಕನ ಪಕ್ಕ ಕೂರಿಸಿ, ದಿಗಂತ ಕಾಣಲಿ.

ಪ್ರಶ್ನೆ: ಹಳೆಯ ಬೋಟು ನೋಡುತ್ತಿದ್ದೇನೆ. ಹಿಂತುದಿಯ ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ ಒಳ್ಳೆಯದೋ, ಒಳಗೆ ಎಂಜಿನ್ ಇರುವ ಸ್ಟರ್ನ್‌ಡ್ರೈವ್ ಒಳ್ಳೆಯದೋ? ಪೆಟ್ರೋಲ್ ಎಷ್ಟು ಕುಡಿಯುತ್ತದೆ?
– ಓದುಗರು, ಮಾಲ್ಮೊ

ಸ್ಟರ್ನ್‌ಡ್ರೈವ್ ನಮ್ಮ ಊರಿನ ಹೆಮ್ಮೆ. ಗೋಥೆನ್‌ಬರ್ಗ್‌ನ ವೋಲ್ವೋ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಸ್ಟರ್ನ್‌ಡ್ರೈವ್ ತಂದಾಗ ಕುಟುಂಬದ ಬೋಟಿನ ನಕ್ಷೆಯೇ ಬದಲಾಯಿತು. ಎಂಜಿನ್ ಹಿಂತುದಿಗೆ ಸರಿದು ನಡುಭಾಗ ಜನರಿಗೆ ಸಿಕ್ಕಿತು, ಕಾಲು ಮಾತ್ರ ಹೊರಗೆ. 1982ರ ಡ್ಯುಯೊಪ್ರಾಪ್‌ನಲ್ಲಿ ಎರಡು ಪ್ರೊಪೆಲ್ಲರ್ ಎದುರುಬದುರಾಗಿ ತಿರುಗುತ್ತವೆ. ಅದನ್ನು ಹಾಕಿದ ಬೋಟು ಗೆರೆ ಎಳೆದಂತೆ ನೇರ ಹೋಗುವುದನ್ನು ಚುಕ್ಕಾಣಿ ಹಿಡಿದೇ ಅನುಭವಿಸಬೇಕು. ಎಂಜಿನ್ನಿನ ಮುಚ್ಚಳವೇ ಮಲಗುವ ಹಾಸಿಗೆಯಾಗುತ್ತದೆ, ಹಿಂದೆ ಈಜಲು ಇಳಿಯುವ ವೇದಿಕೆ ಪೂರ್ತಿ ಅಗಲಕ್ಕೆ ಸಿಗುತ್ತದೆ.

ಆದರೂ ನಿಮ್ಮ ವಿಷಯದಲ್ಲಿ ನಾನು ಔಟ್‌ಬೋರ್ಡ್ ಎನ್ನುತ್ತೇನೆ. ಈಗಿನ ಫೋರ್ ಸ್ಟ್ರೋಕ್ ಎಂಜಿನ್ ಸದ್ದು ಕಡಿಮೆ, ಅದನ್ನು ನೀರಿನಿಂದ ಪೂರ್ತಿ ಮೇಲೆತ್ತಬಹುದು. ಸ್ಟರ್ನ್‌ಡ್ರೈವ್‌ನ ಕಾಲು ಬೇಸಿಗೆಯಿಡೀ ಉಪ್ಪುನೀರಿನಲ್ಲೇ ನಿಂತಿರುತ್ತದೆ. ಚಿಪ್ಪುಹುಳ ಕಟ್ಟುತ್ತದೆ, ಕಾಲು ಬೋಟಿಗೆ ಸೇರುವಲ್ಲಿ ನೀರು ತಡೆಯುವ ರಬ್ಬರಿನ ತೋಳು, ಅಂದರೆ ಬೆಲ್ಲೋಸ್, ಹರಿದರೆ ನೀರು ಬೋಟಿನೊಳಗೇ ಬರುತ್ತದೆ. ಹಳೆಯ ಸ್ಟರ್ನ್‌ಡ್ರೈವ್ ಕೊಳ್ಳುವುದೇ ಆದರೆ ಬೆಲ್ಲೋಸ್ ಯಾವಾಗ ಬದಲಿಸಿದ್ದು ಎಂಬ ರಸೀದಿ ಕೇಳಿ. ಬಾಯಿಮಾತು ಸಾಲದು. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ವ್ಯಾಪಾರ ಅಲ್ಲಿಗೇ ಬಿಡಿ.

ಪೆಟ್ರೋಲ್: 150 ಅಶ್ವಶಕ್ತಿಯ ಎಂಜಿನ್ ಪೂರ್ತಿ ಬಿಟ್ಟರೆ ಗಂಟೆಗೆ 50 ಲೀಟರ್ ದಾಟುತ್ತದೆ. ಆರೂವರೆ ಮೀಟರಿನ ಬೋಟನ್ನು 22–25 ನಾಟ್‌ನಲ್ಲಿ ಹದವಾಗಿ ಓಡಿಸಿದರೆ ಒಂದು ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ, ಹೆಚ್ಚುಕಡಿಮೆ ಒಂದು ಲೀಟರ್. ವಿಚಿತ್ರವೆಂದರೆ ಹತ್ತು-ಹನ್ನೆರಡು ನಾಟ್‌ನಲ್ಲಿ ಮೂತಿ ಎತ್ತಿಕೊಂಡು ತೆವಳುವಾಗ ಮೈಲಿಗೆ ಅದಕ್ಕಿಂತ ಹೆಚ್ಚು ಸುಡುತ್ತದೆ, ಹಿಂದೆ ದೊಡ್ಡ ಅಲೆಯೂ ಎದ್ದು ದಡದ ದೋಣಿಗಳನ್ನು ಅಲ್ಲಾಡಿಸುತ್ತದೆ. ಒಂದೋ ಆರು ನಾಟ್‌ಗೆ ಇಳಿಯಿರಿ, ಇಲ್ಲವೇ ಪೂರ್ತಿ ಏರಿ. ಟ್ಯಾಂಕಿನ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಕೈ ಮುಟ್ಟದ ಗಂಟು.

ಸ್ವೀಡನ್ನಿನಲ್ಲಿ 2021ರ ಆಗಸ್ಟ್‌ನಿಂದ 95 ಆಕ್ಟೇನಿನ ಪೆಟ್ರೋಲ್‌ನಲ್ಲಿ ಹತ್ತು ಪ್ರತಿಶತದವರೆಗೆ ಎಥೆನಾಲ್ ಇದೆ. ಎಥೆನಾಲ್ ನೀರು ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲುವ ಬೋಟಿನ ಟ್ಯಾಂಕಿಗೆ ಅದು ಒಳ್ಳೆಯದಲ್ಲ. ಎಥೆನಾಲ್ ಕಡಿಮೆಯಿರುವ 98 ಹಾಕಿ, ನೀರು ಬೇರ್ಪಡಿಸುವ ಫಿಲ್ಟರನ್ನು ಪ್ರತಿ ವಸಂತದಲ್ಲಿ ಬದಲಿಸಿ.

ಪರೀಕ್ಷೆಯ ದಿನ ಟ್ಯಾಂಕ್ ತುಂಬಿ, ನಿಮ್ಮವರನ್ನೆಲ್ಲ ಕೂರಿಸಿ, ಪೂರ್ತಿ ಬಿಟ್ಟಾಗ ಆರ್‌ಪಿಎಂ ಎಷ್ಟು ಬರುತ್ತದೆ ನೋಡಿ. ಹೆಚ್ಚಿನ 150ರ ಎಂಜಿನ್‌ಗಳಿಗೆ 5,000ದಿಂದ 6,000 ಬರಬೇಕು. 4,700ಕ್ಕೇ ನಿಂತರೆ ಎಂಜಿನ್ ಏದುಸಿರು ಬಿಡುತ್ತಿದೆ. ದೊಡ್ಡ ಎಂಜಿನ್ ಕೊಳ್ಳುವ ಮೊದಲು ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ಲೆಕ್ಕದ ದೂರ) ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿ ನೋಡಿ. ಒಂದು ಇಂಚು ಪಿಚ್ ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ, ಮೇಲ್ವೇಗ ತುಸು ಕಡಿಮೆಯಾದರೂ ಆರು ಜನರನ್ನು ಹೊತ್ತು ಬೋಟು ಲಗುಬಗೆಯಿಂದ ಏಳುತ್ತದೆ.

ಪ್ರಶ್ನೆ: ಮೇಡಂ, ಹೊನ್ನಾವರದಲ್ಲಿ ಶರಾವತಿ ದಂಡೆಯಲ್ಲೇ ನಮ್ಮ ಮನೆ. ಅಂಥದ್ದೊಂದು ಫಾಸ್ಟ್ ಬೋಟು ತಂದು ಮನೆಯವರೊಂದಿಗೆ ಸಮುದ್ರಕ್ಕೂ ಹೋಗಿಬರಬಹುದೇ?
– ಓದುಗರು, ಹೊನ್ನಾವರ

ಹೊಳೆಯಲ್ಲಿ ಓಡಾಡಲು ತನ್ನಿ, ನಿಮ್ಮದು ಅಂಥ ಚೆಂದದ ನೀರು. ಸಮುದ್ರದ ಮಾತು ಬೇರೆ. ಸ್ವೀಡನ್ನಿನ ಈ ಕರಾವಳಿಯಲ್ಲಿ ಉಬ್ಬರವಿಳಿತ ಒಂದೆರಡು ಗೇಣು, ಸಾಲು ಸಾಲು ದ್ವೀಪಗಳು ಅಲೆಗೆ ಅಡ್ಡ ನಿಂತಿವೆ. ನಿಮ್ಮಲ್ಲಿ ಅಳಿವೆ ದಾಟಿದರೆ ನೇರ ಅರಬ್ಬಿ ಸಮುದ್ರ. ಅಳಿವೆಯ ಮರಳದಿಬ್ಬ ಮಳೆಗಾಲ ಕಳೆದ ಮೇಲೆ ಎಲ್ಲಿ ಕೂತಿದೆ ಎಂದು ಅಲ್ಲಿ ದಿನವೂ ಹೋಗಿಬರುವ ತಾಂಡೇಲರಿಗೇ, ಮೀನುಬೋಟು ನಡೆಸುವವರಿಗೇ, ಗೊತ್ತು. ಹೊಳೆಯ ಇಳಿತವೂ ಎದುರುಗಾಳಿಯೂ ಡಿಕ್ಕಿ ಹೊಡೆದಾಗ ಅಲ್ಲಿ ತೆರೆ ಕಡಿದಾಗಿ ಮುರಿಯುತ್ತದೆ. ಮಲ್ಪೆಯಲ್ಲಿ ಬೆಳೆದ ನಾನು ದೊಡ್ಡ ಬೋಟಿನವರೂ ಅಳಿವೆಯೆದುರು ಎಂಜಿನ್ ಇಳಿಸಿ ಕಾದು ನಿಂತದ್ದನ್ನು ಕಂಡಿದ್ದೇನೆ. ಅವರು ಕಾಯುವ ಜಾಗದಲ್ಲಿ ಆರು ಮೀಟರಿನ ಬೋಟಿಗೆ 150 ಅಶ್ವಶಕ್ತಿಯಿದೆ ಎಂಬ ಧೈರ್ಯ ಬೇಡ.

ಹೊಳೆಗೆ ಕಡಿದಾದ ವಿ ತಳವೂ ಬೇಡ. 14–16 ಡಿಗ್ರಿಯ ತಳ, 60ರಿಂದ 90 ಅಶ್ವಶಕ್ತಿಯ ಔಟ್‌ಬೋರ್ಡ್ ಸಾಕು, ಮರಳು ತಾಗುವ ಮೊದಲೇ ಕಾಲು ಎತ್ತಿಕೊಳ್ಳಬಹುದು. ನಿಮ್ಮ ಬಿಸಿಲಿಗೆ ಸೀಟಿಗಿಂತ ಮುಖ್ಯವಾದದ್ದು ಗಟ್ಟಿ ನೆರಳು, ಇಲ್ಲಿನ ಬೋಟುಗಳಲ್ಲಿ ಅದು ಸರಿಯಾಗಿರುವುದೇ ಇಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ, ಚಿಪ್ಪು ತೆಗೆಯುವವರ ಹತ್ತಿರ, ಬಲೆ ಬಿಟ್ಟ ನಾಡದೋಣಿಗಳ ಹತ್ತಿರ ಆರು ನಾಟ್ ದಾಟಬೇಡಿ. ಅವರ ಹೊಟ್ಟೆಪಾಡಿನ ನೀರು ಅದು. ಯಾಂತ್ರಿಕ ದೋಣಿಗೆ ನೋಂದಣಿ ಮತ್ತು ಸರ್ವೆ 2021ರ ಒಳನಾಡು ನೌಕೆಗಳ ಕಾಯ್ದೆಯಲ್ಲಿದೆ, ಕೊಳ್ಳುವ ಮುಂಚೆಯೇ ಬಂದರು ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ: ಜುಲೈನಲ್ಲಿ ಅಪ್ಪ-ಅಮ್ಮ ಮೈಸೂರಿನಿಂದ ಬರುತ್ತಾರೆ. ಅಮ್ಮನಿಗೆ ಎಪ್ಪತ್ತು, ಮಂಡಿನೋವು. ಬೋಟಿನಲ್ಲಿ ಕರೆದೊಯ್ಯಲು ಭಯ. ಏನೇನು ಸಿದ್ಧ ಮಾಡಿಕೊಳ್ಳಲಿ?
– ಓದುಗಿ, ಗೋಥೆನ್‌ಬರ್ಗ್

ಅಮ್ಮ ಕೇಳದೆ ಬಿಡುವ ಪ್ರಶ್ನೆಯಿಂದ ಶುರು ಮಾಡೋಣ: ಶೌಚಾಲಯ. ನಾಚಿಕೆಯಿಂದ ಬೆಳಗಿನಿಂದಲೇ ನೀರು ಕುಡಿಯದೆ ಕೂತು ತಲೆನೋವು ತಂದುಕೊಳ್ಳುವ ಹಿರಿಯರನ್ನು ಬಹಳ ನೋಡಿದ್ದೇನೆ, ನೋಡಿ ಸಂಕಟಪಟ್ಟಿದ್ದೇನೆ. ಡೇ ಕ್ರೂಸರಿನ ಮುಂದಿನ ಗೂಡಿನಲ್ಲಿ ಒಂದು ಪೋರ್ಟಬಲ್ ಟಾಯ್ಲೆಟ್, ಬಾಗಿಲಿಗೊಂದು ದಪ್ಪ ಪರದೆ, ಹಿಡಿದು ಏಳಲು ಒಂದು ಹಿಡಿಕೆ ಇರಲಿ. ಹೊರಡುವ ಮೊದಲೇ ಅಮ್ಮನಿಗೆ ತೋರಿಸಿ. 2015ರಿಂದ ಸ್ವೀಡನ್ನಿನ ನೀರಿನಲ್ಲಿ ವಿಹಾರದ ಬೋಟುಗಳು ಶೌಚ ಸುರಿಯುವಂತಿಲ್ಲ, ತುಂಬಿದ್ದನ್ನು ಬಂದರಿನಲ್ಲೇ ಖಾಲಿ ಮಾಡಬೇಕು.

ಮಂಡಿನೋವಿದ್ದವರಿಗೆ ಕಷ್ಟವಾಗುವುದು ಹತ್ತಿ ಇಳಿಯುವಾಗ. ಬೋಟಿನ ಬದಿಯ ಅಂಚಿನ ಮೇಲಿಂದ ದಾಟಿಸಬೇಡಿ. ಹಿಂಬದಿಯ ವೇದಿಕೆಯನ್ನು ತೇಲುವ ಜೆಟ್ಟಿಗೆ ತಾಗಿಸಿ, ಇಬ್ಬರು ಹಗ್ಗ ಬಿಗಿಹಿಡಿದಿರಲಿ, ಅಮ್ಮ ಕೂತು ಸರಿದು ಒಳಗೆ ಬರಲಿ. ಚಾಲಕನ ಪಕ್ಕದ ಸೀಟು ಅವರದು. ಸೀರೆಯುಟ್ಟರೆ ತೊಂದರೆಯಿಲ್ಲ, ಆದರೆ ಲೈಫ್ ಜಾಕೆಟ್ಟಿನ ಕಾಲುಪಟ್ಟಿ ಹಾಕಲು ಚೂಡಿದಾರವೇ ಸುಲಭ. ಜುಲೈ ಎಂದು ನಂಬಬೇಡಿ, 22 ನಾಟ್ ವೇಗದ ಗಾಳಿಗೆ ಶಾಲು ಸಾಲದು, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಬೇಕು.

ಚಾಲಕ ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವನ್ನು ಚಾಲಕ ಕಾಲಿಗೋ ಜಾಕೆಟ್ಟಿಗೋ ಕಟ್ಟಿಕೊಂಡೇ ಎಂಜಿನ್ ಚಾಲು ಮಾಡಬೇಕು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಬೋಟು ಪ್ಲೇನಿಂಗ್‌ನಲ್ಲಿರುವಾಗ ಇದು 2021ರಿಂದ ಕಾನೂನು, ನಿಮ್ಮ ಬೋಟಿನಲ್ಲಿ ಮನೆಯ ಕಾನೂನಾಗಲಿ. 15 ನಾಟ್ ಓಡಬಲ್ಲ ಬೋಟಿನ ಚಾಲಕನಿಗೆ ಇಲ್ಲಿ ರಕ್ತದಲ್ಲಿ ಮದ್ಯದ ಮಿತಿ 0.2 ಪ್ರತಿ ಸಾವಿರ, ಕಾರಿಗಿರುವಷ್ಟೇ. ಓಡಿಸುವವರು ಬಿಯರ್ ಮುಟ್ಟಬಾರದು. ಸಮುದ್ರ ರಕ್ಷಣೆಯ ಸ್ವಯಂಸೇವಕ ಸಂಘ ಶೋರೆಡ್ನಿಂಗ್ಸ್‌ಸೆಲ್‌ಸ್ಕಾಪೆಟ್ 1907ರಿಂದಲೂ ಇದೆ. ಅದರ ಸದಸ್ಯತ್ವ ಮಾಡಿಸಿ, ನಂಬರನ್ನು ಅಪ್ಪನ ಫೋನಿನಲ್ಲೂ ಹಾಕಿಡಿ.

ಮೊದಲ ದಿನ ಉತ್ತರದ ಮಾರ್‌ಸ್ಟ್ರಾಂಡ್ ದ್ವೀಪದವರೆಗೆ ಹೋಗಿ ಕಾರ್ಲ್‌ಸ್ಟೆನ್ ಕೋಟೆ ತೋರಿಸುವ ಆತುರ ಬೇಡ. ದಕ್ಷಿಣದ ದ್ವೀಪಸಾಲಿಗೆ ಹೋಗಿ. ಬ್ರೆನ್ನೊ, ಸ್ಟಿರ್ಸೊ ಎಲ್ಲ ಹತ್ತಿರ, ಅಲ್ಲಿ ಖಾಸಗಿ ಕಾರುಗಳಿಲ್ಲ, ಅಮ್ಮ ನಿಧಾನವಾಗಿ ನಡೆಯಬಹುದು. ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ, ಗಾಳಿ ಏಳುವ ಮೊದಲು ತಲುಪುತ್ತೀರಿ. ಅಲೆ ಬರುವ ಮುಂಚೆ "ಅಮ್ಮಾ, ಹಿಡ್ಕೋ" ಅನ್ನಿ, ಆಮೇಲೆ ಥ್ರಾಟಲ್ ಇಳಿಸಿ. ಮಧ್ಯಾಹ್ನದ ಗಾಳಿ ಜೋರಾದರೆ ಅಲ್ಲೇ ಕಾಯಿರಿ, ಜುಲೈನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಕಾಯಲು ಮನಸ್ಸಿಲ್ಲದಿದ್ದರೆ ಅಪ್ಪ-ಅಮ್ಮನನ್ನು ಗೋಥೆನ್‌ಬರ್ಗ್‌ನ ಸಾಲ್ಟ್‌ಹೋಲ್ಮೆನ್ ಜೆಟ್ಟಿಗೆ ಬರುವ ಸಾರ್ವಜನಿಕ ಫೆರಿಗೆ ಹತ್ತಿಸಿ, ಬೋಟನ್ನು ನೀವು ತನ್ನಿ.